ವೀಣೆಗೆ ಭಾನುವಾರವೊಂದೇ ಸಾಲದು

ಉದ್ಯೋಗದ ನಡುವೆ ವೀಣೆ ಕಲಿಯುತ್ತಿರುವವರು ನೀವಾದರೆ ಒಂದು ಮಾತು ಕೇಳಿ. ವಾರವಿಡೀ ಪುರುಸೊತ್ತಿಲ್ಲ, ಭಾನುವಾರ ಮೂರು ಗಂಟೆ ಕೂತು ಎಲ್ಲವನ್ನೂ ಸರಿದೂಗಿಸುತ್ತೇನೆ ಎಂದುಕೊಳ್ಳುತ್ತೀರಲ್ಲ, ಎಡವುವುದು ಅಲ್ಲೇ. ತಂತಿ ಒತ್ತುವ ಎಡಗೈ ಬೆರಳಿನ ಚರ್ಮ ನಿತ್ಯದ ಸಾಧನೆಯಿಂದ ಗಟ್ಟಿಯಾಗುವಂಥದ್ದು. ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಆಮೇಲೆ ಒಂದೇ ದಿನ ಗಂಟೆಗಟ್ಟಲೆ ನುಡಿಸಿದರೆ ಬೆರಳು ಉರಿಯುತ್ತದೆ, ಗಮಕ ನಿಲ್ಲುವುದಿಲ್ಲ, ಮನಸ್ಸೂ ಮುದುಡುತ್ತದೆ. ಮುಂದಿನ ಭಾನುವಾರಕ್ಕೆ ಮದುವೆಯೋ ಗೃಹಪ್ರವೇಶವೋ ಬಂದೇ ಬರುತ್ತದೆ.

ದಿನಕ್ಕೆ 20 ನಿಮಿಷ ತೆಗೆದಿಡಿ, ಸದ್ಯಕ್ಕೆ ಅಷ್ಟು ಸಾಕು. ಮಾಯಾಮಾಳವಗೌಳದಲ್ಲಿ ಎರಡು ಸರಳೆ ವರಸೆಗಳನ್ನು ಮೂರು ಕಾಲದಲ್ಲಿ ನುಡಿಸಿ, ಮೇಲೆ ಈಗ ನಡೆಯುತ್ತಿರುವ ಪಾಠದ ಒಂದು ಸಾಲು. ಬೆಳಿಗ್ಗೆ ಮೊಬೈಲ್ ಕೈಗೆತ್ತಿಕೊಳ್ಳುವ ಮುಂಚೆಯೇ ಇದು ಮುಗಿಯಲಿ. ದಣಿದು ಬಂದ ರಾತ್ರಿಯನ್ನು ನಂಬಬೇಡಿ ಮಾರಾಯರೇ, ಅದು ಊಟ ಮಾಡಿ ಮಲಗುವ ಹೊತ್ತು.

ವೀಣೆಯನ್ನು ಪೆಟ್ಟಿಗೆಯೊಳಗಿಟ್ಟು ಮಂಚದ ಕೆಳಗೆ ತಳ್ಳಬೇಡಿ. ಹೊರತೆಗೆಯಲು ಹತ್ತು ನಿಮಿಷ, ಶ್ರುತಿ ಮಾಡಲು ಹತ್ತು ನಿಮಿಷ ಎಂದಾದರೆ ನುಡಿಸುವುದು ಯಾವಾಗ? ಕಣ್ಣಿಗೆ ಬೀಳುವ ಮೂಲೆಯಲ್ಲಿ ಬಟ್ಟೆ ಹೊದಿಸಿ ಇಡಿ. ಬಿಸಿಲು ತಾಗುವ ಕಿಟಕಿಯ ಪಕ್ಕ ಮಾತ್ರ ಬೇಡ, ಮೆಟ್ಟಿಲುಗಳನ್ನು ಕೂರಿಸಿದ ಮೇಣ ಮೆತ್ತಗಾಗಿ ಸ್ವರಸ್ಥಾನ ಕದಲುತ್ತದೆ.

ಕೆಲಸದ ಒತ್ತಡದಲ್ಲಿ ಪಾಠ ತಪ್ಪಿತೆಂದು ಗುರುಗಳಿಗೆ ಮುಖ ತೋರಿಸದೆ ಇರುವವರೂ ಇದ್ದಾರೆ. ಹಾಗೆ ಮಾಡಬೇಡಿ. ಫೋನ್ ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿ, ಹಳೆಯ ಪಾಠವನ್ನೇ ಇನ್ನೊಂದು ವಾರ ನುಡಿಸುತ್ತೇನೆ ಎನ್ನಿ.