ಕ್ಯಾಮೆರಾ ಬ್ಯಾಗ್ ಕೊಳ್ಳುವ ಮುನ್ನ ಚಾಪೆ ಹಾಸಿ

ಕ್ಯಾಮೆರಾಕ್ಕೆ ಲಕ್ಷ ರೂಪಾಯಿ ಕೊಡಲು ಹಿಂಜರಿಯದವರೂ ಬ್ಯಾಗಿನ ಮಾತು ಬಂದಾಗ ಕೈ ಬಿಗಿ ಹಿಡಿಯುತ್ತಾರೆ. ಅಂಗಡಿಯವರು ಪುಕ್ಕಟೆ ಕೊಟ್ಟ ಚೀಲದಲ್ಲೇ ವರ್ಷಗಟ್ಟಲೆ ದಿನ ದೂಡುತ್ತಾರೆ. ಇನ್ನು ಕೆಲವರು ಯೂಟ್ಯೂಬಿನಲ್ಲಿ ಯಾರೋ ಹೊಗಳಿದ ದೊಡ್ಡ ಬ್ಯಾಗ್ ತರಿಸುತ್ತಾರೆ. ಆಮೇಲೆ ಅದರ ಭಾರಕ್ಕೆ ಅಂಜಿ ಕ್ಯಾಮೆರಾವನ್ನೇ ಮನೆಯಲ್ಲಿ ಬಿಟ್ಟು ಹೊರಡುತ್ತಾರೆ. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡ ನಷ್ಟ. ಬ್ಯಾಗಿನ ಆಯ್ಕೆ ಅಂಗಡಿಯಲ್ಲಿ ಅಲ್ಲ, ಮನೆಯ ನಡುಮನೆಯಲ್ಲಿ ಆಗಬೇಕು.

ಮೊದಲ ಹೆಜ್ಜೆ: ಹರಡಿ, ಅಳೆಯಿರಿ, ತೂಗಿ

ಚಾಪೆ ಹಾಸಿ, ನಿಮ್ಮಲ್ಲಿರುವ ಸಾಮಾನನ್ನೆಲ್ಲ ಅದರ ಮೇಲೆ ಹರಡಿ. ಬಾಡಿ, ಲೆನ್ಸುಗಳು, ಬ್ಯಾಟರಿ, ಚಾರ್ಜರ್, ಕಾರ್ಡು, ಒರೆಸುವ ಬಟ್ಟೆ ಎಲ್ಲವೂ ಬರಲಿ. ನೀರಿನ ಬಾಟಲಿ, ತಿಂಡಿಯ ಡಬ್ಬಿ, ಮಳೆಯಂಗಿಯನ್ನೂ ಮರೆಯಬೇಡಿ. ಬೆನ್ನು ಹೊರುವುದು ಅವನ್ನೂ ಸೇರಿಸಿಯೇ. ಈಗ ಕಳೆದ ಐದಾರು ಸಲ ಹೊರಗೆ ಹೋದಾಗ ನಿಜವಾಗಿ ಕೈಗೆತ್ತಿಕೊಂಡ ವಸ್ತುಗಳನ್ನಷ್ಟೇ ಒಂದು ಕಡೆ ಇಡಿ. ಬ್ಯಾಗ್ ಬೇಕಾಗಿರುವುದು ಈ ಚಿಕ್ಕ ರಾಶಿಗೆ. ಉಳಿದದ್ದು ಬೀರುವಿನಲ್ಲಿ ಇರಲಿ.

ಆ ರಾಶಿಯ ಅತಿ ಉದ್ದದ ಲೆನ್ಸನ್ನು ಬಾಡಿಗೆ ಜೋಡಿಸಿಯೇ ಟೇಪು ಹಿಡಿದು ಅಳೆಯಿರಿ. ಹಕ್ಕಿ ತೆಗೆಯುವವರಿಗೆ ಈ ಮಾತು ಮುಖ್ಯ. ಸೋನಿಯ 200-600 ಎಂ.ಎಂ. ಲೆನ್ಸ್ ಒಂದೇ 31.8 ಸೆಂ.ಮೀ. ಉದ್ದ, ತೂಕ 2.1 ಕೆ.ಜಿ. ನಿಕಾನ್ 200-500 ಉದ್ದದಲ್ಲಿ ಸುಮಾರು 27 ಸೆಂ.ಮೀ., ತೂಕದಲ್ಲಿ 2.3 ಕೆ.ಜಿ. ಬಾಡಿ ಸೇರಿದರೆ ಎರಡೂ ಇನ್ನಷ್ಟು ಬೆಳೆಯುತ್ತವೆ. ಲೆನ್ಸ್ ಬಿಚ್ಚಿ ಇಡಬೇಕಾದ ಬ್ಯಾಗ್ ಹಕ್ಕಿಗಲ್ಲ. ನೀವು ಜೋಡಿಸುವಷ್ಟರಲ್ಲಿ ಮಂಗಟ್ಟೆ ಇನ್ನೊಂದು ಮರಕ್ಕೆ ಹಾರಿರುತ್ತದೆ. ಬ್ಯಾಗಿನ ಹೊರ ಅಳತೆಯನ್ನು ನಂಬಬೇಡಿ, ಒಳ ಅಳತೆ ಕೇಳಿ. ಫೋಮ್ ದಪ್ಪಗಿದ್ದಷ್ಟೂ ಒಳಗಿನ ಜಾಗ ಕರಗುತ್ತದೆ.

ಎರಡನೆಯದು: ಹೇಗೆ ಹೋಗುತ್ತೀರಿ, ಎಲ್ಲಿ ನಿಲ್ಲುತ್ತೀರಿ

ದ್ವಿಚಕ್ರದಲ್ಲಿ ಓಡಾಡುವವರಿಗೆ ಎರಡು ಹೆಗಲಿನ ಬೆನ್ನುಚೀಲವೇ ಸರಿ. ಒಂಟಿ ಹೆಗಲಿನ ಚೀಲ ತಿರುವಿನಲ್ಲಿ ಜಾರಿ ಮುಂದಕ್ಕೆ ಬಂದು ಹ್ಯಾಂಡಲ್‌ಗೆ ತಾಗುತ್ತದೆ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಬ್ಯಾಗ್ ಇಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಎಂಜಿನ್ನಿನ ನಡುಕ ಲೆನ್ಸಿನ ಸಣ್ಣ ಸ್ಕ್ರೂಗಳನ್ನು ಸಡಿಲಿಸುತ್ತದೆ, ಅಲುಗಾಟ ತಡೆಯುವ ಸೂಕ್ಷ್ಮ ಭಾಗಗಳಿಗೂ ಒಳ್ಳೆಯದಲ್ಲ. ಹೆಚ್ಚು ಸಾಮರ್ಥ್ಯದ ಮೋಟಾರ್‌ಸೈಕಲ್ಲಿನ ಕಂಪನದಿಂದ ಐಫೋನ್ ಕ್ಯಾಮೆರಾ ಹಾಳಾಗಬಹುದು ಎಂದು 2021ರಲ್ಲಿ ಆಪಲ್ ಸಂಸ್ಥೆಯೇ ಎಚ್ಚರಿಸಿತ್ತು. ಬೆನ್ನಿನ ಮೇಲಿದ್ದರೆ ನಿಮ್ಮ ಮೈಯೇ ಆ ನಡುಕವನ್ನು ಹೀರಿಕೊಳ್ಳುತ್ತದೆ.

ಕುಮಾರಪರ್ವತದಂಥ ಚಾರಣಕ್ಕೆ ಹೋಗುವವರು ಸೊಂಟದ ಪಟ್ಟಿ ಇಲ್ಲದ ಬ್ಯಾಗನ್ನು ಮುಟ್ಟಲೂಬೇಡಿ. ಭಾರ ಐದಾರು ಕೆ.ಜಿ. ದಾಟಿದರೆ ಅದನ್ನು ಹೊರಬೇಕಾದ್ದು ಸೊಂಟ, ಹೆಗಲಲ್ಲ. ಇನ್ನೊಂದು ವಿಷಯವನ್ನು ನಾನು ಮಲೆನಾಡಿನಲ್ಲೇ ಕಲಿತದ್ದು: ಜಿಪ್ ಬೆನ್ನಿನ ಕಡೆ ಇರುವ ಬ್ಯಾಗ್ ಆರಿಸಿ. ಮುಂಭಾಗದಿಂದ ತೆರೆಯುವ ಬ್ಯಾಗನ್ನು ನೆಲಕ್ಕಿಟ್ಟರೆ ಹೆಗಲಪಟ್ಟಿಗಳು ಕೆಸರಿಗೆ ಬೀಳುತ್ತವೆ. ಮತ್ತೆ ಹೆಗಲಿಗೇರಿಸಿದಾಗ ಆ ಕೆಸರು ಅಂಗಿಗೆ, ಜೊತೆಗೆ ಇಂಬಳ ಕುತ್ತಿಗೆಗೆ. ಬೆನ್ನಿನ ಕಡೆಯಿಂದ ತೆರೆಯುವುದಾದರೆ ಕೆಸರಾಗುವುದು ಹೊರಮೈ ಮಾತ್ರ. ಬಸ್ಸಿನ ನೂಕುನುಗ್ಗಲಿನಲ್ಲೂ ಇದೇ ವಾಸಿ. ಜಿಪ್ ನಿಮ್ಮ ಬೆನ್ನಿಗೆ ಅಂಟಿಕೊಂಡಿರುವಾಗ ಯಾರ ಕೈಯೂ ಒಳಗೆ ಹೋಗದು.

ಬೆಂಗಳೂರು ಕರಗ, ಮೈಸೂರಿನ ಜಂಬೂ ಸವಾರಿ, ಕಂಬಳದ ಗದ್ದೆಯಂಚು: ಇಲ್ಲಿ ಬೆನ್ನುಚೀಲ ಇಳಿಸಲು ಜಾಗವೇ ಸಿಗದು. ಒಂದು ಬಾಡಿ, ಎರಡು ಲೆನ್ಸ್ ಹಿಡಿಸುವ, ಎದೆಯ ಮುಂದಕ್ಕೆ ಎಳೆದುಕೊಳ್ಳಬಹುದಾದ ಸಣ್ಣ ಹೆಗಲುಚೀಲ ಸಾಕು. ಪತ್ರಿಕಾ ಛಾಯಾಗ್ರಾಹಕರು ಇದನ್ನು ಎಂದೋ ಕಂಡುಕೊಂಡಿದ್ದರು. 1970ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ದುಡಿಯುತ್ತಿದ್ದ ಜಿಮ್ ಡೋಮ್ಕಿ, ಅಂದಿನ ಪೆಟ್ಟಿಗೆಯಂಥ ಬ್ಯಾಗುಗಳಿಂದ ಬೇಸತ್ತು ಮೆತ್ತನೆಯ ಕ್ಯಾನ್ವಾಸ್ ಚೀಲ ರೂಪಿಸಿದರು. ಅವರ ಹೆಸರಿನ ಬ್ಯಾಗುಗಳು ಹುಟ್ಟಿದ್ದು ಹಾಗೆ. ಮೈಗೆ ಅಂಟಿ ಕೂರುವ ಚೀಲ ಜನಜಂಗುಳಿಯಲ್ಲಿ ಯಾರಿಗೂ ಬಡಿಯುವುದಿಲ್ಲ.

ಕಬಿನಿ, ಬಂಡೀಪುರದ ಸಫಾರಿಯ ಕಥೆ ಬೇರೆ. ಜೀಪಿನಲ್ಲಿ ದೊಡ್ಡ ಬ್ಯಾಗ್ ಪಕ್ಕದವರ ಕಾಲಿಗೆ ಅಡ್ಡಿ. ಅದನ್ನು ಕೋಣೆಯಲ್ಲೇ ಬಿಟ್ಟು, ಲೆನ್ಸ್ ಜೋಡಿಸಿದ ಕ್ಯಾಮೆರಾವನ್ನು ಹಳೆಯ ದಿಂಬಿನ ಹೊದಿಕೆಯೊಳಗೆ ಇಟ್ಟು ತೊಡೆಯ ಮೇಲಿಟ್ಟುಕೊಳ್ಳಿ. ಬೇಸಿಗೆಯ ಕೆಂಧೂಳಿಗೆ ಆ ಬಟ್ಟೆಯೇ ಕಾವಲು. ಲೆನ್ಸಿಗೆ ಆಸರೆಯಾಗುವ ಬೀನ್ ಬ್ಯಾಗನ್ನು ಖಾಲಿಯಾಗಿ ಒಯ್ದು, ಅಲ್ಲಿ ಅಕ್ಕಿಯನ್ನೋ ಹುರುಳಿಯನ್ನೋ ತುಂಬಿಸಿಕೊಳ್ಳಬಹುದು.

ಮೂರನೆಯದು: ಮಳೆ

ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎಂದು ಹೇಳುವ ಬಟ್ಟೆಯ ಬ್ಯಾಗುಗಳಲ್ಲಿ ಹೆಚ್ಚಿನವು ತುಂತುರು ತಡೆಯುವವು, ಅಷ್ಟೆ. ಬಟ್ಟೆ ನೀರು ಬಿಡದಿದ್ದರೂ ಹೊಲಿಗೆಯ ತೂತು ಮತ್ತು ಜಿಪ್ಪಿನ ಹಲ್ಲುಗಳ ನಡುವೆ ನೀರು ದಾರಿ ಮಾಡಿಕೊಳ್ಳುತ್ತದೆ. ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಸುರಿಯುವ ಆಗುಂಬೆಗೆ ಹೋಗುವವರಿಗೆ ಅದು ಸಾಲದು. ಎಲಾಸ್ಟಿಕ್ ಇರುವ ರೇನ್ ಕವರ್ ಬ್ಯಾಗಿನ ಜೊತೆಯಲ್ಲೇ ಬರಬೇಕು. ಅದನ್ನು ಬಿಚ್ಚಿ ತೆಗೆಯುವಂತಿದ್ದರೆ ಒಣಗಿಸಲು ಸುಲಭ. ಕವರ್ ಬೆನ್ನಿನ ಕಡೆ ಮುಚ್ಚುವುದಿಲ್ಲ, ಅಲ್ಲಿಂದ ಇಳಿಯುವ ನೀರು ಬ್ಯಾಗಿನ ತಳದಲ್ಲಿ ನಿಲ್ಲುತ್ತದೆ. ಆದ್ದರಿಂದ ಒಳಗೆ ದಪ್ಪನೆಯ ಪ್ಲಾಸ್ಟಿಕ್ ಚೀಲವೊಂದು ಸದಾ ಇರಲಿ.

ನಾಲ್ಕನೆಯದು: ಅಂಗಡಿಯಲ್ಲಿ

ಚಾಪೆಯ ಮೇಲಿನ ಆ ಚಿಕ್ಕ ರಾಶಿಯನ್ನು ಅಂಗಡಿಗೇ ಒಯ್ಯಿರಿ. ತುಂಬಿಸಿ, ಹೆಗಲಿಗೇರಿಸಿ, ಹತ್ತು ನಿಮಿಷ ಅಲ್ಲೇ ಓಡಾಡಿ. ಖಾಲಿ ಬ್ಯಾಗ್ ಎಲ್ಲರ ಹೆಗಲಿಗೂ ಹಗುರವೇ. ಜಿಪ್ಪನ್ನು ಒಂದೇ ಕೈಯಲ್ಲಿ ಎಳೆದು ನೋಡಿ. ಮೂಲೆಯಲ್ಲಿ ಸಿಕ್ಕಿಕೊಂಡರೆ ಬೇಡ. ಹೆಗಲಪಟ್ಟಿ ಬ್ಯಾಗಿಗೆ ಸೇರುವ ಕಡೆ ಹೊಲಿಗೆ ಒತ್ತಾಗಿ, ಚೌಕದೊಳಗೆ ಅಡ್ಡಗೆರೆ ಹಾಕಿದಂತೆ ಇರಬೇಕು. ಒಳಗಿನ ಡಿವೈಡರ್ ಕಿತ್ತು ಬೇರೆ ಕಡೆ ಅಂಟಿಸಿ ನೋಡಿ, ವೆಲ್ಕ್ರೋ ಗಟ್ಟಿಯಾಗಿ ಹಿಡಿಯಬೇಕು. ಒಳಬಟ್ಟೆ ಬೂದು ಅಥವಾ ತಿಳಿ ಬಣ್ಣದ್ದಾದರೆ ಮುಸ್ಸಂಜೆಯಲ್ಲಿ ಕಪ್ಪು ಮುಚ್ಚಳ ಕಣ್ಣಿಗೆ ಬೀಳುತ್ತದೆ. ಹೊರಗಡೆ ಕಂಪನಿಯ ಹೆಸರು ದೊಡ್ಡದಾಗಿ ಮೆರೆಯುತ್ತಿದ್ದರೆ ನಾನು ಕೊಳ್ಳುವುದಿಲ್ಲ. ಒಳಗೆ ಏನಿದೆ ಎಂದು ರೈಲಿನ ಬೋಗಿಗೆಲ್ಲ ಸಾರುವ ಅಗತ್ಯವಿಲ್ಲ.

ವಿಮಾನದಲ್ಲಿ ಹೋಗುವವರು ಬ್ಯಾಗಿನ ಸ್ವಂತ ತೂಕವನ್ನೂ ಕೇಳಬೇಕು. ದೇಶದೊಳಗಿನ ಹಾರಾಟದಲ್ಲಿ ಸಾಮಾನ್ಯ ದರ್ಜೆಯ ಕೈಚೀಲಕ್ಕೆ ಬಹುಪಾಲು 7 ಕೆ.ಜಿ. ಮಿತಿ, ಉದ್ದ-ಅಗಲ-ದಪ್ಪ ಕೂಡಿದರೆ 115 ಸೆಂ.ಮೀ. ಬ್ಯಾಗೇ 3 ಕೆ.ಜಿ. ತೂಗಿದರೆ ಉಳಿಯುವುದು ನಾಲ್ಕೇ. ಶಿವಮೊಗ್ಗ, ಮೈಸೂರಿನಂಥ ನಿಲ್ದಾಣಗಳಿಗೆ ಹಾರುವ ಸಣ್ಣ ಎಟಿಆರ್ ವಿಮಾನಗಳಲ್ಲಿ ತಲೆಯ ಮೇಲಿನ ಗೂಡು ಇನ್ನೂ ಇಕ್ಕಟ್ಟು. ಬಿಡಿ ಬ್ಯಾಟರಿಗಳನ್ನು ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ಕ್ಯಾಮೆರಾ ಬ್ಯಾಟರಿಗಳು 100 ವ್ಯಾಟ್-ಅವರ್ ಮಿತಿಗಿಂತ ಬಹಳ ಕೆಳಗಿವೆ. ಸೋನಿಯ ಎಫ್‌ಝಡ್100 ಬ್ಯಾಟರಿಯದು 16.4 ಮಾತ್ರ. ತುದಿಯ ಲೋಹದ ಭಾಗ ಬೇರೆ ಲೋಹಕ್ಕೆ ತಾಗದಂತೆ ಪುಟ್ಟ ಡಬ್ಬಿಯಲ್ಲಿಡಿ.

ಮನೆಗೆ ಬಂದ ಮೇಲೆ

ತಿರುಗಾಟ ಮುಗಿದ ಮೇಲಿನ ಮಾತನ್ನು ಬ್ಯಾಗ್ ಕೊಳ್ಳುವ ಲೇಖನದಲ್ಲಿ ಯಾಕೆ ಹೇಳಬೇಕು ಅಂದರೆ, ಒಳ್ಳೆಯ ಬ್ಯಾಗೇ ಲೆನ್ಸನ್ನು ಕೊಲ್ಲುವುದು ಇಲ್ಲಿ. ಒಂದು ಜುಲೈಯಲ್ಲಿ ಘಟ್ಟದಿಂದ ಮರಳಿದವನು ಅರೆ ಒದ್ದೆ ಬ್ಯಾಗನ್ನು ಹಾಗೇ ಬೀರುವಿನಲ್ಲಿಟ್ಟೆ. ದಸರೆಗೆ ತೆಗೆದಾಗ 50 ಎಂ.ಎಂ. ಲೆನ್ಸಿನೊಳಗೆ ಜೇಡರಬಲೆಯಂತೆ ಬೂಷ್ಟು ಹಬ್ಬಿತ್ತು. ಫೋಮ್ ನೀರನ್ನು ಹೀರಿ ಹಿಡಿದಿಡುತ್ತದೆ. ಮುಚ್ಚಿದ ಕತ್ತಲೆ, ತೇವ ಎರಡೂ ಸಿಕ್ಕಿದರೆ ಬೂಷ್ಟಿಗೆ ಇನ್ನೇನೂ ಬೇಡ. ಬ್ಯಾಗ್ ಇರುವುದು ಒಯ್ಯುವುದಕ್ಕೆ, ಇಡುವುದಕ್ಕಲ್ಲ. ಮನೆಯಲ್ಲಿ ಲೆನ್ಸುಗಳು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆಗೆ ಇರಲಿ. ನೂರೈವತ್ತು ಇನ್ನೂರು ಗ್ರಾಂ ಹಾಕಿ, ಒಂದು ಪುಟ್ಟ ತೇವಮಾಪಕವನ್ನೂ ಇಡಿ. ಅದು ಶೇ 40ರಿಂದ 50ರ ನಡುವೆ ನಿಂತರೆ ಸರಿ, 60 ದಾಟಿದರೆ ಜೆಲ್ ಬದಲಿಸುವ ಹೊತ್ತು. ನುಸಿಗುಳಿಗೆ, ಕರ್ಪೂರ ಹಾಕಲೇಬೇಡಿ. ನಿಕಾನ್ ಕೈಪಿಡಿಗಳಲ್ಲೇ ಇದು ಬೇಡವೆಂಬ ಎಚ್ಚರಿಕೆಯಿದೆ.

ಬ್ಯಾಗನ್ನು ಖಾಲಿ ಮಾಡಿ, ಡಿವೈಡರ್‌ಗಳನ್ನೆಲ್ಲ ಕಿತ್ತು, ಬಾಯಿ ತೆರೆದು ಫ್ಯಾನಿನ ಕೆಳಗೆ ಒಂದು ರಾತ್ರಿ ಮಲಗಿಸಿ. ಚುರುಗುಟ್ಟುವ ಬಿಸಿಲು ಬೇಡ, ಒಳಗಿನ ರಬ್ಬರ್ ಲೇಪ ಬೇಗ ಸೊರಗುತ್ತದೆ. ರೇನ್ ಕವರನ್ನು ಮಾತ್ರ ಬೇರೆಯಾಗಿ ಹಗ್ಗಕ್ಕೆ ಹಾಕಿ. ಪೂರ್ತಿ ಒಣಗಿದ ಮೇಲೆಯೇ ಮಡಚಿ ಅದರ ಜೇಬಿಗೆ ಸೇರಿಸಿ.