ರ‍್ಯಾಲಿ ಋತುವನ್ನು ಅನುಸರಿಸುವುದು ಹೇಗೆ?

ಸುತ್ತುಪಥದ ಓಟದಲ್ಲಿ ಎಲ್ಲ ಕಾರುಗಳೂ ಒಟ್ಟಿಗೆ ಹೊರಟು, ಮೊದಲು ಗುರಿ ಮುಟ್ಟಿದವರು ಗೆಲ್ಲುತ್ತಾರೆ. ರ‍್ಯಾಲಿಯಲ್ಲಿ ಹಾಗಲ್ಲ, ಸಂಚಾರಕ್ಕೆ ತಾತ್ಕಾಲಿಕವಾಗಿ ಮುಚ್ಚಿದ ರಸ್ತೆಗಳಲ್ಲಿ ಕಾರುಗಳು ಕೆಲವು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹೊರಡುತ್ತವೆ, ಪ್ರತಿ ಕಾರು ತೆಗೆದುಕೊಂಡ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಅಳೆದು ಕೂಡಿಸಲಾಗುತ್ತದೆ ಮತ್ತು ಯಾರ ಒಟ್ಟು ಸಮಯ ಕಡಿಮೆಯೋ ಅವರು ವಿಜೇತರಾಗುತ್ತಾರೆ. ಎದುರಾಳಿಗಳಿಬ್ಬರು ಒಂದೇ ನೋಟದಲ್ಲಿ ಕಾಣಸಿಗುವುದು ಅಪರೂಪವಾದ್ದರಿಂದ, ಈ ಕ್ರೀಡೆಯ ಅಭಿಮಾನಿಯು ಕಾರಿಗಿಂತ ಹೆಚ್ಚಾಗಿ ಗಡಿಯಾರವನ್ನೂ ರಸ್ತೆಯನ್ನೂ ಓದಲು ಕಲಿಯಬೇಕಾಗುತ್ತದೆ. 1973ರಲ್ಲಿ ಆರಂಭವಾದ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ (ಡಬ್ಲ್ಯುಆರ್‌ಸಿ) ಅನ್ನು ಆಧಾರವಾಗಿಟ್ಟುಕೊಂಡು ಆ ಓದಿನ ಹಂತಗಳನ್ನು ಇಲ್ಲಿ ವಿವರಿಸಲಾಗಿದೆ.

ಹಂತ 1: ಸ್ಪರ್ಧೆಯ ರಚನೆಯನ್ನು ತಿಳಿಯುವುದು

ಸಮಯ ಅಳೆಯುವ ರಸ್ತೆಯ ತುಂಡಿಗೆ ‘ಸ್ಪೆಷಲ್ ಸ್ಟೇಜ್’ ಎಂದು ಹೆಸರು. ಒಂದು ಸ್ಟೇಜ್‌ನಿಂದ ಮತ್ತೊಂದಕ್ಕೆ ಹೋಗುವ ಸಂಪರ್ಕ ಮಾರ್ಗದಲ್ಲಿ ಸ್ಪರ್ಧೆಯ ಕಾರುಗಳೂ ಇತರ ವಾಹನಗಳಂತೆ ಸಂಚಾರ ನಿಯಮಗಳನ್ನು ಪಾಲಿಸಬೇಕು. ತಂಡದ ತಂತ್ರಜ್ಞರು ನಿಗದಿತ ಅವಧಿಯೊಳಗೆ ಕಾರನ್ನು ದುರಸ್ತಿ ಮಾಡುವ ಸ್ಥಳವೇ ‘ಸರ್ವಿಸ್ ಪಾರ್ಕ್’. ಸಮಯ ತಪಾಸಣೆಯ ಠಾಣೆಗೆ ತಡವಾಗಿ ಬಂದರೆ ಪ್ರತಿ ನಿಮಿಷಕ್ಕೆ 10 ಸೆಕೆಂಡು, ಬೇಗ ಬಂದರೆ ಪ್ರತಿ ನಿಮಿಷಕ್ಕೆ ಒಂದು ನಿಮಿಷ ದಂಡ ಬೀಳುವುದರಿಂದ, ಸ್ಟೇಜ್‌ನಲ್ಲಿ ಗಳಿಸಿದ ಮುನ್ನಡೆಯನ್ನು ಸಂಪರ್ಕ ಮಾರ್ಗದಲ್ಲಿ ಕಳೆದುಕೊಳ್ಳುವ ಸಂದರ್ಭಗಳೂ ಉಂಟು.

ಹಂತ 2: ವೇಳಾಪಟ್ಟಿಯನ್ನು ನೆಲದ ಗುಣಕ್ಕೆ ತಕ್ಕಂತೆ ವಿಂಗಡಿಸುವುದು

2025ರ ಋತುವಿನಲ್ಲಿ, ಅಂದರೆ ಆ ವರ್ಷದ ಸ್ಪರ್ಧಾ ಸರಣಿಯಲ್ಲಿ, 14 ಸುತ್ತುಗಳಿದ್ದವು. ಅವುಗಳನ್ನು ದಿನಾಂಕದ ಕ್ರಮದಲ್ಲಷ್ಟೇ ನೆನಪಿಡದೆ, ನೆಲದ ಗುಣದ ಪ್ರಕಾರ ವಿಂಗಡಿಸಿಕೊಂಡರೆ ಯಾವ ಚಾಲಕ ಎಲ್ಲಿ ಬಲಶಾಲಿ ಎಂಬುದು ಸ್ಪಷ್ಟವಾಗುತ್ತದೆ. 1911ರಲ್ಲಿ ಮೊದಲ ಬಾರಿಗೆ ನಡೆದ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಒಂದೇ ಸ್ಟೇಜ್‌ನೊಳಗೆ ಒಣ ಡಾಂಬರು, ನೀರು ಮತ್ತು ಮಂಜುಗಡ್ಡೆ ಎದುರಾಗಬಹುದಾದ್ದರಿಂದ ಟೈರಿನ ಆಯ್ಕೆಯೇ ನಿರ್ಣಾಯಕವಾಗುತ್ತದೆ. ಸ್ವೀಡನ್‌ನ ಹಿಮದಲ್ಲಿ ಲೋಹದ ಮೊಳೆಗಳಿರುವ ಟೈರುಗಳು, ಫಿನ್ಲೆಂಡ್‌ನಲ್ಲಿ ಕಾರನ್ನು ಗಾಳಿಗೆ ಎತ್ತುವ ಉಬ್ಬುಗಳಿರುವ ಅತಿವೇಗದ ಮಣ್ಣುರಸ್ತೆಗಳು, ಗ್ರೀಸ್‌ನಲ್ಲಿ ಟೈರು ಸೀಳುವ ಕಲ್ಲುಗಳು ಸ್ಪರ್ಧೆಯ ಸ್ವರೂಪವನ್ನೇ ಬದಲಿಸುತ್ತವೆ. ದೀರ್ಘ ವಿರಾಮದ ನಂತರ 2021ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಮರಳಿದ ಕೀನ್ಯಾದ ಸಫಾರಿ ರ‍್ಯಾಲಿಯಲ್ಲಿ ವೇಗದಷ್ಟೇ ಕಾರಿನ ಬಾಳಿಕೆಯೂ ಪರೀಕ್ಷೆಗೊಳಗಾಗುತ್ತದೆ. ಈ ರ‍್ಯಾಲಿಯನ್ನು 1965, 1974 ಮತ್ತು 1976ರಲ್ಲಿ ಗೆದ್ದವರು ಭಾರತೀಯ ಮೂಲದ ಜೋಗಿಂದರ್ ಸಿಂಗ್ ಎಂಬುದು ಇಲ್ಲಿಯ ಓದುಗರಿಗೆ ವಿಶೇಷವಾಗಿ ನೆನಪಿರಬೇಕಾದ ಸಂಗತಿ.

ಹಂತ 3: ಅಂಕಗಳ ಲೆಕ್ಕವನ್ನು ಇಟ್ಟುಕೊಳ್ಳುವುದು

2025ರಲ್ಲಿ ಜಾರಿಗೆ ಬಂದ ಪದ್ಧತಿಯಂತೆ ರ‍್ಯಾಲಿಯ ಮೊದಲ ಹತ್ತು ಸ್ಥಾನಗಳಿಗೆ 25, 17, 15, 12, 10, 8, 6, 4, 2, 1 ಅಂಕಗಳು ಸಲ್ಲುತ್ತವೆ. ಇದಲ್ಲದೆ ಭಾನುವಾರದ ಸ್ಟೇಜ್‌ಗಳ ಒಟ್ಟು ಸಮಯದಲ್ಲಿ ಮೊದಲ ಐವರಿಗೆ ಮತ್ತು ‘ಪವರ್ ಸ್ಟೇಜ್’ ಎಂದು ಕರೆಯುವ ಕೊನೆಯ ಸ್ಟೇಜ್‌ನ ಮೊದಲ ಐವರಿಗೆ ಪ್ರತ್ಯೇಕವಾಗಿ 5ರಿಂದ 1ರವರೆಗೆ ಅಂಕಗಳಿರುವುದರಿಂದ, ಒಬ್ಬ ಚಾಲಕ ಒಂದು ಸುತ್ತಿನಲ್ಲಿ ಗರಿಷ್ಠ 35 ಅಂಕ ಗಳಿಸಬಹುದು. ಶುಕ್ರವಾರ ಹಿಂದೆ ಬಿದ್ದ ಚಾಲಕನೂ ಭಾನುವಾರ ಪೂರ್ಣ ಶಕ್ತಿಯಿಂದ ಓಡುವುದಕ್ಕೆ ಇದೇ ಕಾರಣ. ಪಕ್ಕದಲ್ಲಿ ಕುಳಿತು ದಾರಿ ಹೇಳುವ ಸಹಚಾಲಕರಿಗೂ, ಕಾರು ತಯಾರಕರಿಗೂ ಬೇರೆ ಬೇರೆ ವಿಶ್ವ ಪ್ರಶಸ್ತಿಗಳಿರುವುದರಿಂದ ಮೂರು ಪಟ್ಟಿಗಳನ್ನೂ ಗಮನಿಸುವುದು ಒಳ್ಳೆಯದು.

ಹಂತ 4: ವಾರಾಂತ್ಯವನ್ನು ಭಾರತೀಯ ಕಾಲಮಾನಕ್ಕೆ ಹೊಂದಿಸುವುದು

ಸಾಮಾನ್ಯವಾಗಿ ಗುರುವಾರ ಕಾರಿನ ಅಂತಿಮ ಪರೀಕ್ಷೆಯಾದ ‘ಶೇಕ್‌ಡೌನ್’ ನಡೆಯುತ್ತದೆ, ಮುಖ್ಯ ಸ್ಪರ್ಧೆ ಶುಕ್ರವಾರದಿಂದ ಭಾನುವಾರದವರೆಗೆ ಸಾಗುತ್ತದೆ. ಕೀನ್ಯಾ ಮತ್ತು ಬೇಸಿಗೆಯ ಫಿನ್ಲೆಂಡ್ ಭಾರತಕ್ಕಿಂತ ಎರಡೂವರೆ ಗಂಟೆ ಹಿಂದಿರುತ್ತವೆ, ಜನವರಿಯ ಮಾಂಟೆ ಕಾರ್ಲೊ ನಾಲ್ಕೂವರೆ ಗಂಟೆ ಹಿಂದಿರುತ್ತದೆ, ಜಪಾನ್ ಮೂರೂವರೆ ಗಂಟೆ ಮುಂದಿರುತ್ತದೆ. ಆದ್ದರಿಂದ ಜಪಾನ್‌ನ ಬೆಳಗಿನ ಸ್ಟೇಜ್‌ಗಳಿಗಾಗಿ ಇಲ್ಲಿ ನಸುಕಿನಲ್ಲೇ ಏಳಬೇಕಾಗುತ್ತದೆ. ಎಲ್ಲ ಸ್ಟೇಜ್‌ಗಳ ನೇರಪ್ರಸಾರ ಚಂದಾ ಆಧಾರಿತ ‘ರ‍್ಯಾಲಿ ಟಿವಿ’ಯಲ್ಲಿ ಸಿಗುತ್ತದೆ. ಅಷ್ಟು ಬಿಡುವಿಲ್ಲದವರು ಪ್ರತಿ ದಿನದ ಕೊನೆಯ ಸ್ಟೇಜ್ ಮತ್ತು ಭಾನುವಾರದ ಪವರ್ ಸ್ಟೇಜ್ ಅನ್ನು ನೋಡಿ, ಉಳಿದುದನ್ನು ಚಾಂಪಿಯನ್‌ಷಿಪ್‌ನ ಅಧಿಕೃತ ಜಾಲತಾಣದ ಸಮಯಪಟ್ಟಿಯಲ್ಲಿ ಅನುಸರಿಸಬಹುದು.

ಹಂತ 5: ಸಮಯಪಟ್ಟಿಯನ್ನು ಓದುವುದು

ಅಭಿಮಾನಿಯ ಕೌಶಲ ನಿಜವಾಗಿ ಬೆಳೆಯುವುದು ಈ ಹಂತದಲ್ಲಿ. ಸ್ಟೇಜ್‌ನ ನಡುನಡುವೆ ಸಮಯ ದಾಖಲಿಸುವ ಬಿಂದುಗಳಿಗೆ ‘ಸ್ಪ್ಲಿಟ್’ ಎನ್ನುತ್ತಾರೆ. ಅವುಗಳನ್ನು ಹೋಲಿಸಿದರೆ ಚಾಲಕನೊಬ್ಬ ಸ್ಟೇಜ್‌ನುದ್ದಕ್ಕೂ ಸ್ವಲ್ಪ ಸ್ವಲ್ಪವೇ ನಿಧಾನವಾದನೋ, ಒಂದೇ ತಿರುವಿನಲ್ಲಿ ತಪ್ಪಿದನೋ ಎಂಬುದು ತಿಳಿಯುತ್ತದೆ. ಇದರ ಜೊತೆಗೆ ಹೊರಡುವ ಕ್ರಮವನ್ನೂ ನೋಡಬೇಕು. ಮೊದಲ ಪೂರ್ಣ ದಿನ ಚಾಂಪಿಯನ್‌ಷಿಪ್‌ನಲ್ಲಿ ಮುಂದಿರುವವರೇ ಮೊದಲು ಹೊರಡುವುದರಿಂದ, ಮಣ್ಣುರಸ್ತೆಯ ಮೇಲಿನ ಸಡಿಲ ಜಲ್ಲಿಯನ್ನು ಗುಡಿಸುವ ಹೊರೆ ಅವರ ಮೇಲೆ ಬೀಳುತ್ತದೆ, ಹಿಂದೆ ಬರುವವರಿಗೆ ಗಟ್ಟಿ ನೆಲ ದೊರೆಯುತ್ತದೆ. ಡಾಂಬರು ರಸ್ತೆಯಲ್ಲಿ ಇದು ತಿರುವುಮುರುವಾಗುತ್ತದೆ. ಮುಂದಿನ ಕಾರುಗಳು ತಿರುವಿನ ಒಳಅಂಚನ್ನು ತುಳಿದು ಎಳೆದು ತಂದ ಮಣ್ಣು ಹಿಂದಿನವರನ್ನು ಜಾರಿಸುತ್ತದೆ. ಹೀಗಾಗಿ ಮಣ್ಣಿನ ಮೇಲೆ ಮೊದಲು ಹೊರಟವನ ಮೂರನೇ ಸ್ಥಾನವು ಹತ್ತನೆಯವನಾಗಿ ಹೊರಟವನ ಮೊದಲ ಸ್ಥಾನಕ್ಕಿಂತ ದೊಡ್ಡ ಸಾಧನೆಯಾಗಿರಬಹುದು.

ಕೊನೆಯ ಸ್ಟೇಜ್ ಮುಗಿಯುವವರೆಗೂ ಪಟ್ಟಿಯನ್ನು ಮುಚ್ಚಬಾರದು. 2024ರ ಸಾರ್ಡಿನಿಯಾ ರ‍್ಯಾಲಿಯ ಅಂತಿಮ ಸ್ಟೇಜ್‌ನಲ್ಲಿ ಟೈರು ಪಂಕ್ಚರ್ ಆದುದರಿಂದ ಸೆಬಾಸ್ಟಿಯನ್ ಓಜಿಯೆ ಕೇವಲ 0.2 ಸೆಕೆಂಡಿನಿಂದ ಓಟ್ ಟನಾಕ್‌ಗೆ ಸೋತರು. 1998ರಲ್ಲಿ ಕಾರ್ಲೋಸ್ ಸೈನ್ಸ್ ಅವರ ಕಾರು ಋತುವಿನ ಕೊನೆಯ ಸ್ಟೇಜ್‌ನ ಅಂತ್ಯಕ್ಕೆ ಕೆಲವೇ ನೂರು ಮೀಟರ್ ಇರುವಾಗ ಕೆಟ್ಟು ನಿಂತು, ವಿಶ್ವ ಪ್ರಶಸ್ತಿ ಟಾಮಿ ಮಾಕಿನೆನ್ ಪಾಲಾಯಿತು.

ಹಂತ 6: ಸಹಚಾಲಕರ ಮಾತಿಗೆ ಕಿವಿಗೊಡುವುದು

ರ‍್ಯಾಲಿಗೆ ಮುನ್ನ ಪ್ರತಿ ಜೋಡಿಯೂ ಸ್ಟೇಜ್‌ಗಳನ್ನು ನಿಯಂತ್ರಿತ ವೇಗದಲ್ಲಿ ಎರಡು ಬಾರಿ ಹಾದುಹೋಗಿ, ಪ್ರತಿ ತಿರುವು, ಉಬ್ಬು ಮತ್ತು ಅಪಾಯವನ್ನು ಸಂಕೇತಗಳಲ್ಲಿ ಬರೆದುಕೊಳ್ಳುತ್ತದೆ; ಈ ಬರಹವೇ ‘ಪೇಸ್ ನೋಟ್ಸ್’. ಹಲವರು ತಿರುವಿನ ತೀವ್ರತೆಯನ್ನು 1ರಿಂದ 6ರವರೆಗಿನ ಅಂಕಿಗಳಲ್ಲಿ ಗುರುತಿಸುತ್ತಾರೆ. ಇಲ್ಲಿ 1 ಎಂದರೆ ಅತಿ ಬಿಗಿಯಾದ ತಿರುವು, 6 ಎಂದರೆ ವೇಗ ತಗ್ಗಿಸದೆ ಹಾಯಬಹುದಾದ ತಿರುವು. ಕಾರಿನೊಳಗಿನ ಕ್ಯಾಮೆರಾದ ದೃಶ್ಯವನ್ನು ನೋಡುವಾಗ ಸಹಚಾಲಕ ಹೇಳಿದ ಅಂಕಿ ಮತ್ತು ಮುಂದೆ ತೆರೆದುಕೊಳ್ಳುವ ರಸ್ತೆ ಎರಡನ್ನೂ ಹೊಂದಿಸಿ ನೋಡುವ ಅಭ್ಯಾಸ ಮಾಡಿಕೊಂಡರೆ, ಕಣ್ಣಿಗೆ ಕಾಣದ ತಿರುವಿನೊಳಕ್ಕೆ ಚಾಲಕ ಮಾತನ್ನಷ್ಟೇ ನಂಬಿ ನುಗ್ಗುತ್ತಾನೆಂಬುದು ಮನದಟ್ಟಾಗುತ್ತದೆ. 2004ರಿಂದ 2012ರವರೆಗೆ ಸತತ ಒಂಬತ್ತು ವಿಶ್ವ ಪ್ರಶಸ್ತಿಗಳನ್ನು ಗೆದ್ದ ಸೆಬಾಸ್ಟಿಯನ್ ಲೋಬ್ ಅವರ ಪಕ್ಕದಲ್ಲಿ ಅಷ್ಟೂ ವರ್ಷ ಡೇನಿಯಲ್ ಎಲೆನಾ ಒಬ್ಬರೇ ಕುಳಿತಿದ್ದರು ಎಂಬುದು ಆ ನಂಬಿಕೆಯ ಬೆಲೆಯನ್ನು ಹೇಳುತ್ತದೆ.

ಹಂತ 7: ಹತ್ತಿರದ ರ‍್ಯಾಲಿಗೆ ಸುರಕ್ಷಿತವಾಗಿ ಹೋಗುವುದು

ಪರದೆಯ ಮೇಲೆ ಕಲಿತದ್ದು ರಸ್ತೆಯ ಬದಿಯಲ್ಲಿ ಪೂರ್ಣವಾಗುತ್ತದೆ. ಭಾರತೀಯ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ಕರ್ನಾಟಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ನಡೆಯುತ್ತ ಬಂದಿವೆ. ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ ಅನ್ನು ಮೂರು ಬಾರಿ ಗೆದ್ದು, 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಗೌರವ್ ಗಿಲ್ ಅವರೂ ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ಸ್ಪರ್ಧಿಸಿದ್ದಾರೆ. ಪ್ರೇಕ್ಷಕರು ರಸ್ತೆ ಮುಚ್ಚುವ ಮೊದಲೇ ಸ್ಥಳ ತಲುಪಬೇಕು, ತಿರುವಿನ ಹೊರಬದಿಯಲ್ಲಿ ಎಂದೂ ನಿಲ್ಲದೆ, ರಸ್ತೆಗಿಂತ ಎತ್ತರದ ದಿಬ್ಬವನ್ನು ಆರಿಸಿಕೊಳ್ಳಬೇಕು, ಒಂದು ಕಾರು ಹಾದುಹೋದ ಮೇಲೆ ಮತ್ತೊಂದು ಬರುತ್ತದೆಂಬುದನ್ನು ಮರೆತು ರಸ್ತೆ ದಾಟಬಾರದು, ಮಕ್ಕಳನ್ನು ಕೈಬಿಡಬಾರದು.

1986ರ ಪೋರ್ಚುಗಲ್ ರ‍್ಯಾಲಿಯಲ್ಲಿ ರಸ್ತೆಯಂಚಿಗೆ ಒತ್ತರಿಸಿ ನಿಂತಿದ್ದ ಜನರ ಮೇಲೆ ಕಾರು ನುಗ್ಗಿ ಪ್ರೇಕ್ಷಕರು ಸತ್ತರು. ಅದೇ ವರ್ಷ ಕಾರ್ಸಿಕಾದಲ್ಲಿ ಹೆನ್ರಿ ತೋಯ್ವೊನೆನ್ ಮತ್ತು ಅವರ ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಮೃತಪಟ್ಟ ಬಳಿಕ, ಅತಿ ಶಕ್ತಿಯ ‘ಗ್ರೂಪ್ ಬಿ’ ಕಾರುಗಳನ್ನೇ ವಿಶ್ವ ಚಾಂಪಿಯನ್‌ಷಿಪ್‌ನಿಂದ ಹೊರಗಿಡಲಾಯಿತು. ಪ್ರೇಕ್ಷಕರು ಅಪಾಯದ ಜಾಗದಲ್ಲಿದ್ದರೆ ಇಂದಿಗೂ ಸ್ಟೇಜ್ ಅನ್ನೇ ರದ್ದುಪಡಿಸುತ್ತಾರೆ. ಆಗ ಚಾಲಕರು ತಿಂಗಳುಗಟ್ಟಲೆ ಮಾಡಿದ ಸಿದ್ಧತೆ ಆ ಸ್ಟೇಜ್‌ನ ಮಟ್ಟಿಗೆ ವ್ಯರ್ಥವಾಗುತ್ತದೆ. ಆದ್ದರಿಂದ ಕಟ್ಟಿದ ಪಟ್ಟಿಯ ಹಿಂದೆ ನಿಂತು, ಕಾವಲಿಗಿರುವ ಮಾರ್ಷಲ್‌ಗಳ ಮಾತನ್ನು ಪಾಲಿಸುವುದು ಪ್ರತಿಯೊಬ್ಬ ಅಭಿಮಾನಿಯ ಮೊದಲ ಕರ್ತವ್ಯವಾಗಬೇಕು.