ಕಾಫಿಯಿಂದ ಬೊಜ್ಜು ಕರಗುವುದೇ? ಚೀನೀ ವೈದ್ಯ ಪದ್ಧತಿಯ ನೋಟ

ಸಕ್ಕರೆ ಹಾಕದ ಕಪ್ಪು ಕಾಫಿ ಕುಡಿದರೆ ತೂಕ ಇಳಿಯುತ್ತದೆಂಬ ಮಾತನ್ನು ನೀವೂ ಕೇಳಿರುತ್ತೀರಿ. ಬೆಳಗಿನ ತಿಂಡಿ ಬಿಟ್ಟು ಬರೀ ಕಾಫಿಯಲ್ಲೇ ಮಧ್ಯಾಹ್ನದವರೆಗೆ ದೂಡುವವರೂ ಇದ್ದಾರೆ. ಎದೆಬಡಿತ, ಹುಳಿತೇಗು, ನಿದ್ದೆಗೇಡು ಶುರುವಾದ ಮೇಲೆ ಅವರು ವೈದ್ಯರನ್ನು ಹುಡುಕುತ್ತಾರೆ.

ಚೀನಾದ ಲಿ ಶಿಜೆನ್ 16ನೇ ಶತಮಾನದಲ್ಲಿ ಬರೆದ ಪ್ರಸಿದ್ಧ ಔಷಧ ಗ್ರಂಥದಲ್ಲಿ ಚಹಾ ಇದೆ, ಕಾಫಿ ಇಲ್ಲ. ಅಲ್ಲಿಗೆ ಕಾಫಿ ತಡವಾಗಿ ಬಂತು. ಹಾಗಾಗಿ ಈಗಿನ ಚೀನೀ ವೈದ್ಯರು ಅದರ ರುಚಿ ಮತ್ತು ಪರಿಣಾಮ ನೋಡಿ ಗುಣ ಹೇಳುತ್ತಾರೆ: ಕಹಿ, ಉಷ್ಣ, ಒಣಗಿಸುವಂಥದ್ದು.

ಅವರ ಪ್ರಕಾರ ಜೀರ್ಣಕ್ರಿಯೆಯ ಯಜಮಾನ ಗುಲ್ಮ. ಅದು ದಣಿದರೆ ಉಂಡದ್ದು ಶಕ್ತಿಯಾಗದೆ ತೇವವಾಗಿ ನಿಲ್ಲುತ್ತದೆ. ತೇವ ಗಟ್ಟಿಯಾಗಿ ಕಫವಾಗುತ್ತದೆ, ಬೊಜ್ಜು ಬೆಳೆಯುತ್ತದೆ. ಯುನಾನಿಯಲ್ಲಿ ನಾವು ಬೊಜ್ಜಿಗೆ ಕಾರಣವೆನ್ನುವ ಶೀತ-ಆರ್ದ್ರ ಬಲ್ಗಮ್‌ಗೆ ಇದು ಬಹಳ ಹತ್ತಿರ. ಕಹಿ ತೇವವನ್ನು ಒಣಗಿಸುತ್ತದೆ. ಆದ್ದರಿಂದ ಮೈ ಭಾರ, ಜಡತೆ, ನಾಲಿಗೆ ಮೇಲೆ ದಪ್ಪ ಬಿಳಿ ಪದರ ಇರುವವರಿಗೆ ಒಂದು ಲೋಟ ಕಾಫಿ ಹಗುರವೆನಿಸಬಹುದು.

ಆದರೆ ಎಲ್ಲ ದಪ್ಪ ಮೈಯೂ ತೇವದ ಮೈಯಲ್ಲ. ನಾಲಿಗೆ ಕೆಂಪಾಗಿ ಒಣಗಿ, ಅಂಗೈ ಬಿಸಿಯಾಗಿ, ರಾತ್ರಿ ನಿದ್ದೆ ಬಾರದವರಲ್ಲಿ ದೇಹದ ತಂಪು (ಅವರು 'ಯಿನ್' ಎನ್ನುವುದು) ಮೊದಲೇ ಕಡಿಮೆ. ಕಾಫಿ ಅದನ್ನು ಇನ್ನಷ್ಟು ಹೀರುತ್ತದೆ. ಅದಕ್ಕೇ ಚೀನೀ ವೈದ್ಯ ನಾಡಿ, ನಾಲಿಗೆ ನೋಡದೆ ಕಾಫಿ ಕುಡಿ ಎನ್ನುವುದಿಲ್ಲ. ಮಿಜಾಜ್ ನೋಡದೆ ನಾವೂ ಹೇಳುವುದಿಲ್ಲ.

ಇನ್ನು ನಮ್ಮ ಮನೆಗಳ ಕಾಫಿ. ಗಟ್ಟಿ ಹಾಲು, ಎರಡು ಚಮಚ ಸಕ್ಕರೆ! ಸಿಹಿ ಅತಿಯಾದರೆ ಗುಲ್ಮ ಸೋತು ತೇವ ಹೆಚ್ಚುತ್ತದೆ ಎನ್ನುತ್ತದೆ ಆ ಪದ್ಧತಿ. ನೆಲ ಒರೆಸುತ್ತಲೇ ನೀರು ಚೆಲ್ಲಿದಂತಾಯಿತು. ಬಳಿಕ ಕರಿದ ತಿಂಡಿ ಜೊತೆಗಿದ್ದರೆ ಹೇಳುವುದೇ ಬೇಡ.

ಆಧುನಿಕ ವಿಜ್ಞಾನದ ಲೆಕ್ಕದಲ್ಲೂ ಕೆಫೀನ್ ಕೊಬ್ಬು ಕರಗಿಸುವುದು ಅಲ್ಪವೇ. ದೇಹ ಅದಕ್ಕೂ ಒಗ್ಗಿಕೊಳ್ಳುತ್ತದೆ. ಆರೋಗ್ಯವಂತರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂ ಕೆಫೀನ್ ಮಿತಿ. ಕುಡಿದು ಸುಮಾರು 5 ಗಂಟೆಯಾದರೂ ಅರ್ಧದಷ್ಟು ರಕ್ತದಲ್ಲೇ ಉಳಿಯುತ್ತದೆ. ಸಂಜೆಯ ಕಾಫಿ ನಿದ್ದೆ ಕೆಡಿಸಿದರೆ ಮರುದಿನ ಹಸಿವು ಹೆಚ್ಚಿ, ಉಳಿಸಿದ್ದೆಲ್ಲ ಹೋಗುತ್ತದೆ. ಮಧ್ಯಾಹ್ನದ ನಂತರ ಬೇಡ. ಖಾಲಿ ಹೊಟ್ಟೆಗಂತೂ ಬೇಡವೇ ಬೇಡ; ತಿಂಡಿಯಾಗಿ ಒಂದು ಗಂಟೆಯ ಮೇಲೆ ಕುಡಿಯಿರಿ, ಊಟದ ಜೊತೆ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು.

'ಸ್ಲಿಮ್ಮಿಂಗ್ ಕಾಫಿ' ಹೆಸರಿನ ಪುಡಿಗಳ ಬಗ್ಗೆ ಮಾತ್ರ ನನ್ನದು ಖಡಾಖಂಡಿತ ಮಾತು. ಇಂಥ ಹಲವು ಪುಡಿಗಳಲ್ಲಿ ಸಿಬುಟ್ರಮಿನ್ ಎಂಬ ಔಷಧವನ್ನು ಗುಟ್ಟಾಗಿ ಬೆರೆಸಿದ್ದು ಅಮೆರಿಕದಲ್ಲಿ ಪತ್ತೆಯಾಗಿದೆ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದಿಂದಾಗಿ 2010ರಲ್ಲಿ ಅಲ್ಲಿನ ಮಾರುಕಟ್ಟೆಯಿಂದಲೇ ತೆಗೆದ ಔಷಧವದು. ಅಂಥ ಪೊಟ್ಟಣ ಮನೆಯಲ್ಲಿದ್ದರೆ ಇಂದೇ ಬಳಕೆ ನಿಲ್ಲಿಸಿ; ಈಗಾಗಲೇ ಕುಡಿದು ಎದೆ ಡವಗುಟ್ಟುತ್ತಿದ್ದರೆ ಪೊಟ್ಟಣವನ್ನೂ ಕೈಯಲ್ಲಿ ಹಿಡಿದು ತಕ್ಷಣ ವೈದ್ಯರಲ್ಲಿಗೆ ಹೋಗಿ.